ಯೆಹೋಷಾಫಾಟನ ನ್ಯಾಯಾಧೀಶರು: ವಿಗ್ರಹ ಒಡೆದರೆ ಸುಧಾರಣೆ ಮುಗಿಯಿತಾ?

ತಿರುವಿದ ಪುಟ:
ಬೈಬಲಿನ ಒಳ್ಳೆಯ ಅರಸರು ಅಂದ ಕೂಡಲೇ ಎಲ್ಲರ ಬಾಯಲ್ಲೂ ಎರಡೇ ಹೆಸರು. ಹಿಜ್ಕೀಯ, ಯೋಷೀಯ. ಇಬ್ಬರೂ ವಿಗ್ರಹ ಒಡೆದರು, ಪೂಜಾಸ್ಥಳಗಳನ್ನು ಕೆಡವಿದರು, ಈಜಿಪ್ಟಿನ ಬಿಡುಗಡೆಯನ್ನು ನೆನೆಯುವ ಪಸ್ಕಹಬ್ಬವನ್ನು ದೊಡ್ಡದಾಗಿ ಮಾಡಿಸಿದರು. ಹಿಜ್ಕೀಯನಿಗಿಂತ ಸುಮಾರು ನೂರೈವತ್ತು ವರ್ಷ ಮುಂಚೆ ಯೆಹೂದವನ್ನು ಆಳಿದ ಯೆಹೋಷಾಫಾಟ ಯಾರ ನೆನಪಿಗೂ ಬರುವುದಿಲ್ಲ. ಬಂದರೂ, ಹಾಡುವವರನ್ನು ಸೈನ್ಯದ ಮುಂದೆ ನಡೆಸಿದ ಯುದ್ಧದ ಕಥೆ ಹೇಳಿ ಮುಗಿಸುತ್ತಾರೆ.

ನನಗೆ ಅವನ ಬೇರೆ ಎರಡು ಕೆಲಸ ಅದಕ್ಕಿಂತ ದೊಡ್ಡದು ಅನಿಸುತ್ತದೆ. ಒಂದು, ಆಳ್ವಿಕೆಯ ಮೂರನೇ ವರ್ಷದಲ್ಲಿ ಅವನು ಊರೂರಿಗೆ ಜನರನ್ನು ಕಳಿಸಿದ್ದು. ಐದು ಜನ ಅಧಿಕಾರಿಗಳು, ದೇವಾಲಯದ ಸೇವೆ ಮಾಡುವ ಕುಲದ ಒಂಬತ್ತು ಜನ ಲೇವಿಯರು, ಇಬ್ಬರು ಯಾಜಕರು. ಕೈಯಲ್ಲಿ ಧರ್ಮಶಾಸ್ತ್ರದ ಗ್ರಂಥ. ಯೆಹೂದದ ಪಟ್ಟಣಗಳಲ್ಲೆಲ್ಲ ಸುತ್ತಿ ಜನರಿಗೆ ಅದನ್ನು ಕಲಿಸಬೇಕು, ಅಷ್ಟೇ ಕೆಲಸ. ಇನ್ನೊಂದು, ಕೋಟೆಯಿದ್ದ ಪ್ರತಿ ಪಟ್ಟಣದಲ್ಲೂ ನ್ಯಾಯಾಧೀಶರನ್ನು ಕೂರಿಸಿದ್ದು.

ಇದರ ಪಕ್ಕಕ್ಕೆ ಅವನ ಅಪ್ಪ ಆಸನನ್ನು ಇಟ್ಟು ನೋಡಿ. ಆಸನೂ ಸುಧಾರಕನೇ. ರಾಜಮಾತೆಯ ಪದವಿಯಲ್ಲಿದ್ದ ಮಾಕಳನ್ನೇ ಇಳಿಸಿದ, ಅವಳು ಮಾಡಿಸಿದ್ದ ಮೂರ್ತಿಯನ್ನು ಕಡಿದು ಕಿದ್ರೋನ್ ಹಳ್ಳದಲ್ಲಿ ಸುಟ್ಟ. ಆದರೆ ಅವನ ಕಾಲದ ಒಡಂಬಡಿಕೆಯಲ್ಲಿ, ಇಸ್ರಾಯೇಲಿನ ದೇವರನ್ನು ಹುಡುಕದವರಿಗೆ ಗಂಡು ಹೆಣ್ಣು ದೊಡ್ಡವರು ಚಿಕ್ಕವರು ಅನ್ನದೆ ಮರಣದಂಡನೆ ಎಂದು ಬರೆದಿತ್ತು. ಕೊನೆಗೆ ಹನಾನಿ ಎಂಬ ದರ್ಶಿ, ಅಂದರೆ ಪ್ರವಾದಿ, ಬಂದು, ನೀನು ದೇವರನ್ನು ಬಿಟ್ಟು ಸಿರಿಯಾದ ಅರಸನನ್ನು ನಂಬಿದೆ ಎಂದಾಗ, ಇದೇ ಆಸ ಅವನನ್ನು ಸೆರೆಮನೆಗೆ ಹಾಕಿಸಿದ. ಅದೇ ಹೊತ್ತಿಗೆ ಜನರಲ್ಲೂ ಕೆಲವರನ್ನು ಹಿಂಸಿಸಿದ ಎಂದು ಅದೇ ವಾಕ್ಯದಲ್ಲಿ ಇದೆ.

ಈಗ ಮಗನ ಕಥೆ. ಯೆಹೋಷಾಫಾಟ ಉತ್ತರದ ಇಸ್ರಾಯೇಲ್ ರಾಜ್ಯದ ಅರಸ ಅಹಾಬನ ಜೊತೆ ಸೇರಿ ರಾಮೋತ್‌ಗಿಲ್ಯಾದಿನ ಯುದ್ಧಕ್ಕೆ ಹೋದ. ಅಹಾಬ ಸತ್ತ, ಇವನು ಹೇಗೋ ಜೀವ ಉಳಿಸಿಕೊಂಡು ಯೆರೂಸಲೇಮಿಗೆ ವಾಪಸ್ ಬಂದ. ಎದುರಿಗೆ ಒಬ್ಬ ದರ್ಶಿ ಬಂದು, ಕೆಟ್ಟವನಿಗೆ ಸಹಾಯ ಮಾಡಬಹುದಾ ಎಂದು ಮುಖಕ್ಕೇ ಕೇಳಿದ. ಆ ದರ್ಶಿ ಯಾರು ಅಂದರೆ ಯೇಹು, ಅದೇ ಹನಾನಿಯ ಮಗ! ಅಪ್ಪನನ್ನು ಈ ಅರಸನ ಅಪ್ಪ ಜೈಲಿಗೆ ಹಾಕಿದ್ದ. ಆದರೂ ಬಂದ. ಯೆಹೋಷಾಫಾಟ ಅವನನ್ನು ಏನೂ ಮಾಡಲಿಲ್ಲ. ಮುಂದಿನ ವಾಕ್ಯದಲ್ಲೇ ಅವನು ಬೇರ್ಷೆಬದಿಂದ ಎಫ್ರಾಯೀಮ್ ಬೆಟ್ಟದವರೆಗೆ ಜನರ ನಡುವೆ ತಾನೇ ಸುತ್ತುತ್ತಾನೆ, ಅದರ ಮುಂದಿನ ವಾಕ್ಯದಲ್ಲಿ ನ್ಯಾಯಾಧೀಶರನ್ನು ನೇಮಿಸುತ್ತಾನೆ.

ಈ ಸಾಲುಗಳು ಹೀಗೆ ಒಂದರ ಹಿಂದೆ ಒಂದು ಬರುವುದು ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ. ತನ್ನ ತಪ್ಪನ್ನು ಇನ್ನೊಬ್ಬ ಹೇಳಿದಾಗ ಕೇಳಿಸಿಕೊಂಡ ಅರಸ ಮಾತ್ರ ತೀರ್ಪು ಕೊಡುವ ಅಧಿಕಾರವನ್ನು ಅರಮನೆಯಿಂದ ಹೊರಗೆ ಬಿಟ್ಟುಕೊಡಬಲ್ಲ. ದೇವರಿಗೆ ಹೆದರುವ ಅರಸ ಅಂದರೆ ನನ್ನ ಲೆಕ್ಕದಲ್ಲಿ ಇಷ್ಟೇ. ಅವನು ಎಷ್ಟು ವಿಗ್ರಹ ಒಡೆದ ಅನ್ನುವುದು ಆಮೇಲಿನ ಮಾತು. ನೀವೆಲ್ಲ ಏನಂತೀರಿ?

ಕರಿಕೋಟು:
ವಿಷಯ ಚೆನ್ನಾಗಿ ಎತ್ತಿದ್ದೀರಿ. ಕೋರ್ಟಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಹಾಗಾಗಿ ಈ ಕಥೆ ಇರುವ ಬೈಬಲಿನ ಎರಡನೇ ಪೂರ್ವಕಾಲವೃತ್ತಾಂತದ 19ನೇ ಅಧ್ಯಾಯವನ್ನು ವಕೀಲನ ಕಣ್ಣಿಂದಲೇ ಓದುತ್ತೇನೆ.

ಮೊದಲು ಕಣ್ಣಿಗೆ ಬೀಳುವುದು, ಅಲ್ಲಿ ಎರಡು ಹಂತ ಇದೆ. ಊರಿನ ಮಟ್ಟದಲ್ಲಿ ಒಂದು, ಯೆರೂಸಲೇಮಿನಲ್ಲಿ ಇನ್ನೊಂದು. ಕೊಲೆಗೆ ಸಂಬಂಧಿಸಿದ್ದು, ಯಾವ ಕಟ್ಟಳೆ ಯಾವುದಕ್ಕೆ ಅನ್ವಯಿಸುತ್ತದೆ ಎಂಬ ಗೊಂದಲ, ಇಂಥವು ಊರುಗಳಿಂದ ಮೇಲಕ್ಕೆ ಬರುತ್ತವೆ. ಧರ್ಮೋಪದೇಶಕಾಂಡದ 17ನೇ ಅಧ್ಯಾಯವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ನಿಮಗೆ ತೀರ್ಮಾನಿಸಲು ಕಷ್ಟವಾದದ್ದನ್ನು ಯಾಜಕರು ಮತ್ತು ನ್ಯಾಯಾಧೀಶನ ಹತ್ತಿರ ತನ್ನಿ ಅಂತ.

ಎರಡನೆಯದು ಇನ್ನೂ ಸ್ವಾರಸ್ಯ. ಯೆರೂಸಲೇಮಿನ ಆ ಪೀಠಕ್ಕೆ ಇಬ್ಬರು ಮೇಲಿನವರು. ದೇವರ ಕಾರ್ಯಗಳಿಗೆ ಮಹಾಯಾಜಕ ಅಮರ್ಯ. ಅರಸನ ಕಾರ್ಯಗಳಿಗೆ ಇಷ್ಮಾಯೇಲನ ಮಗ ಜೆಬದ್ಯ. ಒಬ್ಬನದು ಇನ್ನೊಬ್ಬನಿಗೆ ಕಲಸಿಹೋಗಬಾರದು. ಅರಸನ ಕಾರ್ಯ ಅಂದರೆ ತೆರಿಗೆ, ಸೈನ್ಯ, ಅರಮನೆಯ ಜಮೀನು ಇಂಥವು ಇರಬಹುದು. ದೇವರ ಹೆಸರಿನಲ್ಲಿ ರಾಜ್ಯ ನಡೆಸುತ್ತೇನೆ ಅನ್ನುವವನು ಎರಡನ್ನೂ ತನ್ನ ಕೈಯಲ್ಲೇ ಇಟ್ಟುಕೊಳ್ಳುವುದು ಸುಲಭ. ಇವನು ಇಟ್ಟುಕೊಳ್ಳಲಿಲ್ಲ.

ಮೂರನೆಯದು, ನೇಮಕದ ದಿನ ಹೇಳಿದ ಮಾತು. ನೀವು ತೀರ್ಪು ಕೊಡುವುದು ಮನುಷ್ಯರ ಪರವಾಗಿ ಅಲ್ಲ, ದೇವರ ಪರವಾಗಿ. ಆತನಲ್ಲಿ ಅನ್ಯಾಯ ಇಲ್ಲ, ಮುಖದಾಕ್ಷಿಣ್ಯ ಇಲ್ಲ, ಲಂಚ ಇಲ್ಲ. ಗಮನಿಸಿ, ಅರಸನ ಪರವಾಗಿ ತೀರ್ಪು ಕೊಡಿ ಅಂತ ಅವನು ಹೇಳಲಿಲ್ಲ. ನೇಮಿಸಿದವನು ತಾನು, ಆದರೆ ಲೆಕ್ಕ ಒಪ್ಪಿಸಬೇಕಾದ್ದು ತನಗಲ್ಲ ಎಂದು ಅವನೇ ಹೇಳುತ್ತಿದ್ದಾನೆ. ಇಂಗ್ಲೆಂಡಿನಲ್ಲಿ ಹಿಂದೆ ಸಂಚಾರಿ ನ್ಯಾಯಾಲಯ ಊರಿಗೆ ಬಂದಾಗ ಮೊದಲು ಚರ್ಚಿನಲ್ಲಿ ಪ್ರಸಂಗ ಆಗುತ್ತಿತ್ತು. ಹದಿನೇಳನೇ ಶತಮಾನದ ಪ್ರಸಂಗಿಗಳು ನ್ಯಾಯಾಧೀಶರನ್ನು ಎದುರಿಗೆ ಕೂರಿಸಿಕೊಂಡು ಮತ್ತೆ ಮತ್ತೆ ಓದಿದ ವಾಕ್ಯಗಳಲ್ಲಿ ಇದೂ ಒಂದು. ಕೇಳಿಸಿಕೊಂಡವರು ಎಷ್ಟು ಜನ ಅನ್ನುವುದು ಬೇರೆ ಮಾತು ಬಿಡಿ.

ನೀಲಿಶಾಯಿ:
ಇಬ್ಬರಿಗೂ ನಮಸ್ಕಾರ. ಖುಷಿಯಾಗಿ ಓದಿದೆ, ಆದರೆ ಸ್ವಲ್ಪ ತಣ್ಣೀರು ಎರಚುತ್ತೇನೆ.

ಈ ನ್ಯಾಯಾಧೀಶರ ಕಥೆ ಇರುವುದು ಪೂರ್ವಕಾಲವೃತ್ತಾಂತದಲ್ಲಿ ಮಾತ್ರ. ಅರಸುಗಳು ಗ್ರಂಥದಲ್ಲಿ ಯೆಹೋಷಾಫಾಟನ ಬಗ್ಗೆ ಇರುವಲ್ಲಿ ಇದರ ಸುಳಿವೇ ಇಲ್ಲ. ಪೂರ್ವಕಾಲವೃತ್ತಾಂತ ಬರೆದದ್ದು ಯೆಹೂದ್ಯರನ್ನು ಬಾಬೆಲಿಗೆ ಒಯ್ದ ಸೆರೆ ಮುಗಿದ ಮೇಲೆ, ಪರ್ಷಿಯನ್ನರ ಕಾಲದಲ್ಲೋ ಅದರ ಕೊನೆಯಲ್ಲೋ. ಅಂದರೆ ಘಟನೆಗೂ ಬರಹಕ್ಕೂ ನಾಲ್ಕೈದು ನೂರು ವರ್ಷದ ಅಂತರ. ಅಷ್ಟರಲ್ಲಿ ಯೆಹೂದದಲ್ಲಿ ಅರಸನೇ ಇಲ್ಲ. ಯಾಜಕರು, ಲೇವಿಯರು ಮುಂದಾಳುಗಳಾಗಿದ್ದಾರೆ. ಆ ಕಾಲದ ಲೇಖಕ ಲೇವಿಯರನ್ನು ಕೋರ್ಟಿನಲ್ಲೂ ಶಾಲೆಯಲ್ಲೂ ಕೂರಿಸಿದರೆ ಆಶ್ಚರ್ಯ ಏನಿದೆ? ಹತ್ತೊಂಬತ್ತನೇ ಶತಮಾನದ ಜರ್ಮನ್ ವಿದ್ವಾಂಸ ವೆಲ್‌ಹೌಸನ್ ಇದನ್ನು ಸುಮ್ನೆ ಹಿಂದಿನ ಕಾಲದ ಮೇಲೆ ಹೊರಿಸಿದ ಚಿತ್ರ ಅಂದುಬಿಟ್ಟ.

ಇನ್ನೊಂದು. ಅದೇ ಗ್ರಂಥದ 17ನೇ ಅಧ್ಯಾಯದಲ್ಲಿ ಅವನು ಪೂಜಾಸ್ಥಳಗಳನ್ನು ತೆಗೆಸಿದ ಎಂದಿದೆ. 20ನೇ ಅಧ್ಯಾಯದಲ್ಲಿ ಪೂಜಾಸ್ಥಳಗಳು ಹಾಗೇ ಉಳಿದವು, ಜನರ ಮನಸ್ಸು ಇನ್ನೂ ತಿರುಗಿರಲಿಲ್ಲ ಎಂದಿದೆ. ಯಾವುದು ಸರಿ?

ಬೆಟ್ಟದಹಾದಿ:
ನೀಲಿಶಾಯಿ ಮೇಡಂ, ಎರಡೂ ಸರಿ ಇರಬಹುದಲ್ವಾ? ಅರಸ ಆಜ್ಞೆ ಹೊರಡಿಸಿ ಕೆಡವಿಸುತ್ತಾನೆ. ಜನ ಮತ್ತೆ ಕಟ್ಟಿಕೊಳ್ಳುತ್ತಾರೆ. ಮನಸ್ಸು ತಿರುಗಿರಲಿಲ್ಲ ಎಂಬ ಮಾತೇ ಅದಕ್ಕೆ ಉತ್ತರ. ಕೆಡವುವುದು ಒಂದು ದಿನದ ಕೆಲಸ, ಕಲಿಸುವುದು ಒಂದು ತಲೆಮಾರಿನ ಕೆಲಸ. ಅದಕ್ಕೇ ಹದಿನಾರು ಜನರನ್ನು ಪುಸ್ತಕ ಕೊಟ್ಟು ಕಳಿಸಿದ್ದು.

ಮಣ್ಣಪದರ:
ಪುರಾತತ್ವದ ಕಡೆಯಿಂದ ನಾಲ್ಕು ಮಾತು.

ಯೆಹೋಷಾಫಾಟನ ಕೋರ್ಟಿಗೆ ನೇರ ಸಾಕ್ಷಿ ಮಣ್ಣಲ್ಲಿ ಸಿಕ್ಕಿಲ್ಲ, ನಿಜ. ಆದರೆ ಅಂಥದ್ದು ಆ ಕಾಲದಲ್ಲಿ ಸಾಧ್ಯವೇ ಇರಲಿಲ್ಲ ಅನ್ನುವ ವಾದವೂ ನಿಲ್ಲುವುದಿಲ್ಲ. 1950ರಲ್ಲಿ ಪುರಾತತ್ವ ವಿದ್ವಾಂಸ ಆಲ್‌ಬ್ರೈಟ್ ಇದನ್ನು ಸಮರ್ಥಿಸುತ್ತಾ ಈಜಿಪ್ಟಿನ ಹೊರೆಮ್‌ಹೆಬ್‌ನ ಶಾಸನದ ಕಡೆ ಬೆರಳು ತೋರಿಸಿದರು. ಅವನು ಫರೋಹ, ಕ್ರಿ.ಪೂ. ಹದಿನಾಲ್ಕನೇ ಶತಮಾನದ ಕೊನೆಯವನು. ಅಂದರೆ ಯೆಹೋಷಾಫಾಟನಿಗಿಂತ ನಾನೂರಕ್ಕೂ ಜಾಸ್ತಿ ವರ್ಷ ಹಿಂದೆ. ಕಾರ್ನಾಕಿನಲ್ಲಿ ಅವನ ಕಲ್ಲಿನ ಶಾಸನ ಇದೆ. ಅದರಲ್ಲೂ ಊರೂರಿಗೆ ನ್ಯಾಯ ಕೊಡುವವರ ನೇಮಕ ಇದೆ, ಪೀಠದಲ್ಲಿ ದೇವಸ್ಥಾನದ ಪುರೋಹಿತರೂ ಇದ್ದಾರೆ, ಲಂಚ ಮುಟ್ಟಬೇಡಿ ಎಂಬ ಎಚ್ಚರಿಕೆ ಇದೆ. ತಪ್ಪಿದರೆ ಸಾವು. ಜನರನ್ನು ಸುಲಿಯುವ ಅಧಿಕಾರಿಗೆ ಮೂಗು ಕತ್ತರಿಸಿ ಗಡಿಯ ಕೋಟೆಗೆ ಅಟ್ಟುವುದು ಅಂತಲೂ ಇದೆ. ಹೋಲಿಕೆ ಸಿಕ್ಕಿದರೆ ಘಟನೆ ನಡೆಯಿತು ಅಂತಾಗುವುದಿಲ್ಲ. ಆದರೆ ಇಂಥ ವ್ಯವಸ್ಥೆಯನ್ನು ಕಲ್ಪಿಸಿಕೊಳ್ಳಲು ಪರ್ಷಿಯನ್ನರ ಕಾಲದವರೆಗೆ ಕಾಯಬೇಕಾಗಿರಲಿಲ್ಲ.

ಇನ್ನು ಕೋರ್ಟು ಎಲ್ಲಿ ನಡೆಯುತ್ತಿತ್ತು? ಊರಬಾಗಿಲಲ್ಲಿ. ಅಲ್ಲಿನ ಕೋಟೆಯ ಬಾಗಿಲು ಅಂದರೆ ಬರೀ ಕದ ಅಲ್ಲ, ಎರಡೂ ಕಡೆ ಕೋಣೆಗಳಿರುವ ದೊಡ್ಡ ಕಟ್ಟಡ. ಯೆಹೂದದ ಲಾಕೀಷ್ ಪಟ್ಟಣದ ಬಾಗಿಲನ್ನು ಅಗೆದಾಗ ಆ ಕೋಣೆಗಳಲ್ಲಿ ಕೂರುವ ಕಲ್ಲಿನ ಜಗಲಿಗಳು ಸಿಕ್ಕಿವೆ, ಕೈಯೊರಗಿಸಿಕೊಳ್ಳುವ ಹಿಡಿಯ ಸಮೇತ. ರೂತಳ ಕಥೆಯಲ್ಲಿ ಬೋವಜ ಹತ್ತು ಹಿರಿಯರನ್ನು ಕೂರಿಸಿಕೊಂಡು ಜಮೀನಿನ ವ್ಯವಹಾರ ಮುಗಿಸುವುದು ಇಂಥ ಜಾಗದಲ್ಲೇ. ಕೋಟೆಯ ಪಟ್ಟಣಗಳಲ್ಲಿ ನ್ಯಾಯಾಧೀಶರು ಎಂದರೆ ನನ್ನ ಕಣ್ಣಿಗೆ ಆ ಜಗಲಿಗಳೇ ಬರುತ್ತವೆ. ಹಿಂದೆ ಊರ ಹಿರಿಯರು ಕೂರುತ್ತಿದ್ದ ಕಡೆ ಈಗ ಅರಸ ನೇಮಿಸಿದವನೊಬ್ಬ ಬಂದು ಕೂತ. ಊರವರಿಗೆ ಅದು ಇಷ್ಟವಾಯಿತೋ ಇಲ್ಲವೋ!

ಅದೇ ಬಾಗಿಲಿನಲ್ಲಿ 2016ರಲ್ಲಿ ಇನ್ನೊಂದು ಸುದ್ದಿಯಾಯಿತು. ಒಂದು ಕೋಣೆಯಲ್ಲಿ ಪೂಜೆಯ ಜಾಗ, ಕೊಂಬು ಕಡಿದ ಬಲಿಪೀಠ, ಜೊತೆಗೆ ಕಲ್ಲಿನ ಕಕ್ಕಸು. ಪರೀಕ್ಷೆ ಮಾಡಿದರೆ ಅದನ್ನು ಯಾರೂ ಬಳಸಿಯೇ ಇಲ್ಲ. ಜಾಗವನ್ನು ಅಪವಿತ್ರ ಮಾಡಲೆಂದೇ ಇಟ್ಟದ್ದು, ಹಿಜ್ಕೀಯನ ಸುಧಾರಣೆಯ ಗುರುತು ಎಂದು ಅಗೆದವರು ಹೇಳಿದರು. ಒಪ್ಪದವರೂ ಇದ್ದಾರೆ. ಬೇರ್ಷೆಬದಲ್ಲೂ ಹೀಗೇ, 1973ರಲ್ಲಿ ಕೊಂಬಿನ ಬಲಿಪೀಠದ ಕಲ್ಲುಗಳು ಒಂದು ಉಗ್ರಾಣದ ಗೋಡೆಯೊಳಗೆ ಸಿಕ್ಕವು. ಒಡೆದದ್ದರ ಗುರುತು ಕಲ್ಲಿನಲ್ಲಿ ಉಳಿಯುತ್ತದೆ. ನ್ಯಾಯವಾಗಿ ಕೊಟ್ಟ ತೀರ್ಪಿನ ಗುರುತು ಎಲ್ಲಿ ಹುಡುಕುವುದು?

ಸುಮ್ನೆ ಓದುಗ:
ನಂದೊಂದು ಸಣ್ಣ ಪ್ರಶ್ನೆ. ಇದೇ ಕಾಲದಲ್ಲಿ ಪಕ್ಕದ ಇಸ್ರಾಯೇಲಿನ ರಾಜಧಾನಿ ಸಮಾರ್ಯದಲ್ಲಿ ಅಹಾಬ ಆಳುತ್ತಿದ್ದ. ಅಲ್ಲಿ ಕಾನೂನು ಕೋರ್ಟು ಏನೂ ಇರಲಿಲ್ಲವಾ?

ತಿರುವಿದ ಪುಟ:
ಇತ್ತು. ಅದೇ ಭಯ ಹುಟ್ಟಿಸುವ ವಿಷಯ.

ನಾಬೋತನ ಪ್ರಕರಣ ನೋಡಿ. ಇಜ್ರೇಲಿನಲ್ಲಿ ಅರಮನೆಯ ಪಕ್ಕ ಅವನ ದ್ರಾಕ್ಷಿತೋಟ. ಅಹಾಬ ಕೇಳಿದ, ಬದಲಿಗೆ ಬೇರೆ ತೋಟ ಇಲ್ಲವೇ ಹಣ ಕೊಡುತ್ತೇನೆ ಅಂದ. ಪಿತ್ರಾರ್ಜಿತ ಆಸ್ತಿ, ಕೊಡಲ್ಲ ಅಂದ ನಾಬೋತ. ಅಹಾಬ ಮುನಿಸಿಕೊಂಡು ಹಾಸಿಗೆ ಹಿಡಿದ, ಊಟ ಬಿಟ್ಟ. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಅಹಾಬನಂಥವನಿಗೂ ಸೈನಿಕರನ್ನು ಕಳಿಸಿ ತೋಟ ಕಿತ್ತುಕೊಳ್ಳುವ ಧೈರ್ಯ ಇರಲಿಲ್ಲ. ಆ ಜಮೀನಿನ ಕಾನೂನು ಅಷ್ಟು ಗಟ್ಟಿಯಾಗಿತ್ತು.

ಹಾಗಾಗಿ ಅಹಾಬನ ಹೆಂಡತಿ ಈಜೆಬೆಲ್ ಕಾನೂನಿನ ದಾರಿಯಲ್ಲೇ ಹೋದಳು. ಅರಸನ ಮುದ್ರೆ ಒತ್ತಿ ಊರ ಹಿರಿಯರಿಗೆ ಪತ್ರ ಬರೆದಳು. ಉಪವಾಸ ಸಾರಿ, ನಾಬೋತನನ್ನು ಎಲ್ಲರೆದುರು ಕೂರಿಸಿ, ಎದುರಿಗೆ ಇಬ್ಬರು ಸಾಕ್ಷಿಗಳನ್ನು ಕೂರಿಸಿ ಅಂತ. ಇಬ್ಬರು ಯಾಕೆ? ಒಬ್ಬನ ಸಾಕ್ಷಿ ಮೇಲೆ ಯಾರನ್ನೂ ಕೊಲ್ಲಬಾರದು ಎಂಬ ನಿಯಮ ಇತ್ತಲ್ಲ, ಅದಕ್ಕೆ. ದೇವರನ್ನೂ ಅರಸನನ್ನೂ ಶಪಿಸಿದ ಎಂಬ ಆರೋಪ. ಊರಾಚೆ ಒಯ್ದು ಕಲ್ಲೆಸೆದು ಕೊಂದರು. ಪ್ರತಿ ಹೆಜ್ಜೆಯೂ ಕ್ರಮಪ್ರಕಾರ. ಉಪವಾಸದ ಭಕ್ತಿಯೂ ಕಮ್ಮಿ ಇಲ್ಲ! ಆ ಹಿರಿಯರಲ್ಲಿ ಒಬ್ಬನೂ ಬಾಯಿ ತೆರೆಯಲಿಲ್ಲ.

ಯೆಹೋಷಾಫಾಟನಿಗೆ ಇದು ಗೊತ್ತಿತ್ತಾ ಅಂತ ಗ್ರಂಥ ಹೇಳುವುದಿಲ್ಲ. ಆದರೆ ಅವನು ಅಹಾಬನ ಬೀಗ. ಮಗ ಯೆಹೋರಾಮನಿಗೆ ಆ ಮನೆಯಿಂದಲೇ ಅತಲ್ಯಳನ್ನು ತಂದುಕೊಂಡಿದ್ದ. ಸಮಾರ್ಯದ ಊರಬಾಗಿಲ ಹತ್ತಿರದ ಕಣದಲ್ಲಿ ಅಹಾಬನ ಪಕ್ಕ ಸಿಂಹಾಸನದಲ್ಲಿ ಕೂತಿದ್ದಾಗ, ಅವರಿಗೆ ಬೇಡವಾದ ಸತ್ಯ ಹೇಳಿದ ಮೀಕಾಯೆಹು ಎಂಬ ಪ್ರವಾದಿಯನ್ನು ಸೆರೆಮನೆಗೆ ಅಟ್ಟಿದ್ದನ್ನು ಕಣ್ಣಾರೆ ನೋಡಿದ. ಅಲ್ಲಿಂದ ಬಂದವನು ನ್ಯಾಯಾಧೀಶರಿಗೆ, ನೀವು ಮನುಷ್ಯರ ಪರವಾಗಿ ತೀರ್ಪು ಕೊಡುವುದಿಲ್ಲ ಎಂದು ಹೇಳುತ್ತಾನೆ. ಆ ಮಾತಿನ ಹಿಂದೆ ಸಮಾರ್ಯ ಇದೆ ಅಂತಲೇ ನಾನು ಓದುತ್ತೇನೆ.

ನೀಲಿಶಾಯಿ:
ನಾಬೋತನ ಓದು ಇಷ್ಟವಾಯಿತು. ಆದರೆ ಯೆಹೋಷಾಫಾಟನ ಕಥೆಯನ್ನು ನೀವು 19ಕ್ಕೇ ನಿಲ್ಲಿಸುತ್ತೀರಿ. ದಯವಿಟ್ಟು 21ಕ್ಕೆ ಬನ್ನಿ.

ಯೆಹೋಷಾಫಾಟ ಸಾಯುವ ಮುಂಚೆ ಗಂಡುಮಕ್ಕಳಿಗೆ ಬೆಳ್ಳಿ ಬಂಗಾರ ಹಂಚಿದ. ಜೊತೆಗೆ ಯೆಹೂದದ ಕೋಟೆಯ ಪಟ್ಟಣಗಳನ್ನೂ ಕೊಟ್ಟ. ಎಲ್ಲಿ ನ್ಯಾಯಾಧೀಶರನ್ನು ಕೂರಿಸಿದ್ದನೋ ಅಂಥ ಪಟ್ಟಣಗಳನ್ನೇ! ನ್ಯಾಯಪೀಠ ಇದ್ದ ಊರು ರಾಜಕುಮಾರನ ಕೈಗೆ ಹೋದರೆ ಅಲ್ಲಿನ ನ್ಯಾಯಾಧೀಶ ಯಾರ ಮುಖ ನೋಡುತ್ತಾನೆ? ರಾಜ್ಯ ಹಿರಿಯ ಮಗ ಯೆಹೋರಾಮನಿಗೆ ಬಂತು. ಅವನು ಪಟ್ಟಕ್ಕೆ ಬಂದು ಗಟ್ಟಿಯಾದ ಮೇಲೆ ಮಾಡಿದ ಮೊದಲ ಕೆಲಸ, ಆರು ಜನ ತಮ್ಮಂದಿರನ್ನು ಕತ್ತಿಯಿಂದ ಕೊಂದದ್ದು. ಕೆಲವು ಅಧಿಕಾರಿಗಳನ್ನೂ ಬಿಡಲಿಲ್ಲ. ಊರೂರಿಗೆ ನೇಮಿಸಿದ ಆ ನ್ಯಾಯಾಧೀಶರು, ಅಮರ್ಯ, ಜೆಬದ್ಯ, ಯಾರದ್ದೂ ಒಂದು ಮಾತು ಅಲ್ಲಿಲ್ಲ. ಯಾರೂ ಪ್ರಶ್ನೆ ಮಾಡಲಿಲ್ಲ.

ಅರಸ ದೈವಭಕ್ತನಾಗಿದ್ದರೆ ನ್ಯಾಯ, ಇಲ್ಲದಿದ್ದರೆ ಇಲ್ಲ. ಹಾಗಿದ್ದರೆ ಅದನ್ನು ವ್ಯವಸ್ಥೆ ಅಂತ ಹೇಗೆ ಕರೆಯೋಣ? ಅದು ಒಬ್ಬ ಮನುಷ್ಯನ ಒಳ್ಳೆಯತನ ಅಷ್ಟೇ. ಆ ಮನುಷ್ಯನೇ ಅತಲ್ಯಳನ್ನೂ ಮನೆಗೆ ತಂದ.

ಬೆಟ್ಟದಹಾದಿ:
ಮೇಡಂ ಹೇಳಿದ್ದರಲ್ಲಿ ನೋವಿನ ಸತ್ಯ ಇದೆ. ಯೆಹೋರಾಮ ಸತ್ತಾಗ ಯಾರಿಗೂ ದುಃಖವಾಗಲಿಲ್ಲ ಅಂತ ಗ್ರಂಥವೇ ಬರೆದಿದೆ, ಅದೂ ಒಂದು ತೀರ್ಪೇ.

ಆದರೆ ಒಬ್ಬ ಮನುಷ್ಯನ ಒಳ್ಳೆಯತನ ಅಂತ ಅಷ್ಟು ಹಗುರವಾಗಿ ತಳ್ಳಬೇಡಿ. ಯೋಷೀಯನನ್ನು ನಾವು ಕ್ರಿ.ಪೂ. 622ರಲ್ಲಿ ದೇವಾಲಯದಲ್ಲಿ ಗ್ರಂಥ ಸಿಕ್ಕಿದ್ದಕ್ಕೆ, ಬಲಿಪೀಠ ಕೆಡವಿದ್ದಕ್ಕೆ ನೆನೆಯುತ್ತೇವೆ. ಅವನ ಕಾಲದಲ್ಲೇ ಬದುಕಿದ್ದ ಪ್ರವಾದಿ ಯೆರೆಮೀಯ ಅವನನ್ನು ನೆನೆದದ್ದು ಬೇರೆ ಕಾರಣಕ್ಕೆ. ಯೋಷೀಯನ ಮಗ ಯೆಹೋಯಾಕೀಮ ಕೂಲಿ ಕೊಡದೆ ಜನರಿಂದ ದುಡಿಸಿ ದೇವದಾರಿನ ಅರಮನೆ ಕಟ್ಟಿಸುತ್ತಿದ್ದ. ಯೆರೆಮೀಯ ಅವನಿಗೆ ಹೇಳಿದ್ದರ ಸಾರ ಇದು: ನಿನ್ನ ಅಪ್ಪನೂ ಉಂಡು ಕುಡಿದು ಸುಖವಾಗೇ ಇದ್ದ, ಆದರೆ ನ್ಯಾಯ ನಡೆಸಿದ, ಬಡವರ ದಿಕ್ಕಿಲ್ಲದವರ ವ್ಯಾಜ್ಯ ತೀರಿಸಿದ, ನನ್ನನ್ನು ಅರಿಯುವುದು ಅಂದರೆ ಅದೇ ಅಲ್ಲವಾ ಎಂದು ದೇವರು ಕೇಳುತ್ತಾನೆ. ಅಲ್ಲಿ ವಿಗ್ರಹದ ಸುದ್ದಿ ಇಲ್ಲ, ಪಸ್ಕದ ಸುದ್ದಿ ಇಲ್ಲ.

ಮಣ್ಣಪದರ:
ಅದನ್ನು ಕೇಳಿದಾಗ ಒಂದು ಮಡಕೆಚೂರು ನೆನಪಾಯಿತು. ಸಾಮಾನ್ಯವಾಗಿ ಯೋಷೀಯನ ಕಾಲದ್ದು ಅಂತ ಹೇಳುವ ಚೂರು.

1960ರಲ್ಲಿ ಸಮುದ್ರತೀರದ ಹತ್ತಿರ ಮೆಸಾದ್ ಹಶವ್ಯಾಹು ಎಂಬ ಸಣ್ಣ ಕೋಟೆಯಲ್ಲಿ ಸಿಕ್ಕಿತು. ಕ್ರಿ.ಪೂ. ಏಳನೇ ಶತಮಾನದ ಕೊನೆಯ ಭಾಗದ್ದು. ಶಾಯಿಯಲ್ಲಿ ಬರೆದ ಹೀಬ್ರೂ ಅರ್ಜಿ. ಬರೆಸಿದವನು ಪೈರು ಕೊಯ್ಯುವ ಒಬ್ಬ ಆಳು. ನನ್ನ ಪಾಲಿನ ಕೊಯ್ಲು ಮುಗಿಸಿ ಕಣಜಕ್ಕೆ ಹಾಕಿದ್ದೆ, ಆದರೂ ಶೋಬಯನ ಮಗ ಹೋಷಯಾಹು ಬಂದು ನನ್ನ ಬಟ್ಟೆ ಕಿತ್ತುಕೊಂಡು ಹೋದ. ಬಿಸಿಲಲ್ಲಿ ನನ್ನ ಜೊತೆ ಕೊಯ್ದವರೆಲ್ಲ ನನ್ನ ಪರ ಸಾಕ್ಷಿ ಹೇಳುತ್ತಾರೆ. ನಾನು ತಪ್ಪು ಮಾಡಿಲ್ಲ, ನನ್ನ ಬಟ್ಟೆ ವಾಪಸ್ ಕೊಡಿಸಿ. ಕೋಟೆಯ ಅಧಿಕಾರಿಗೆ ಬರೆದ ಅರ್ಜಿ ಅದು.

ಬಡವನ ಮೇಲುಹೊದಿಕೆಯನ್ನು ಅಡ ಇಟ್ಟುಕೊಂಡರೆ ಸೂರ್ಯ ಮುಳುಗುವ ಮುಂಚೆ ಕೊಡಬೇಕು, ರಾತ್ರಿ ಅವನಿಗೆ ಹೊದೆಯಲು ಅದೇ ಇರುವುದು ಅಂತ ವಿಮೋಚನಕಾಂಡದಲ್ಲಿ ಇದೆಯಲ್ಲ, ಅದು ತಕ್ಷಣ ನೆನಪಾಗುತ್ತದೆ. ಆದರೆ ಆ ಆಳು ಯಾವ ಗ್ರಂಥವನ್ನೂ ಎತ್ತಿ ಹೇಳುವುದಿಲ್ಲ, ದೇವರ ಹೆಸರೂ ಹೇಳುವುದಿಲ್ಲ. ಕೊಡಿಸುವುದು ನಿಮ್ಮ ಕರ್ತವ್ಯ ಅಲ್ಲದಿದ್ದರೂ ಕರುಣೆ ತೋರಿಸಿ ಎಂಬ ಅರ್ಥದ ಮಾತೂ ಕೊನೆಯಲ್ಲಿ ಇದೆ ಎಂದು ಕೆಲವರು ಓದುತ್ತಾರೆ.

ಕರಿಕೋಟು:
ಆಹಾ, ಇದು ಅಪ್ಪಟ ಅರ್ಜಿ. ಘಟನೆ, ಎದುರುಪಾರ್ಟಿಯ ಹೆಸರು ತಂದೆಯ ಹೆಸರಿನ ಸಮೇತ, ಸಾಕ್ಷಿಗಳು, ಕೇಳುವ ಪರಿಹಾರ. ಇವತ್ತಿನ ಎಷ್ಟೋ ಅರ್ಜಿಗಳಲ್ಲಿ ಇಷ್ಟು ಸ್ಪಷ್ಟತೆ ಇರುವುದಿಲ್ಲ. ಆಳಿಗೆ ಬರೆಯಲು ಬರುತ್ತಿರಲಿಲ್ಲ ಅನಿಸುತ್ತದೆ, ಯಾರೋ ಗುಮಾಸ್ತ ಅವನು ಹೇಳಿದ ಹಾಗೆ ಬರೆದುಕೊಂಡಿರಬೇಕು. ನನಗೆ ಇಲ್ಲಿ ಮುಖ್ಯ ಅನಿಸಿದ್ದು, ಒಬ್ಬ ಕೂಲಿಯವನಿಗೆ ಒಂದು ಬಟ್ಟೆಗಾಗಿ ಅಧಿಕಾರಿಯ ಬಾಗಿಲಿಗೆ ಹೋಗಬಹುದು ಅನಿಸಿತಲ್ಲ, ಅದು. ನ್ಯಾಯಾಡಳಿತ ಇದೆಯೋ ಇಲ್ಲವೋ ಎಂದು ಅಳೆಯಲು ಅರಮನೆಯ ಕಡತಕ್ಕಿಂತ ಈ ಚೂರು ಮೇಲು. ಅವನಿಗೆ ಬಟ್ಟೆ ಸಿಕ್ಕಿತಾ?

ಮಣ್ಣಪದರ:
ಅದು ಚೂರಿನಲ್ಲಿ ಇಲ್ಲ ಸರ್.

ನೀಲಿಶಾಯಿ:
ಚೂರು ಅದ್ಭುತ. ಆದರೆ ಅದೇ ಯೋಷೀಯ ಸಮಾರ್ಯದ ಊರುಗಳಿಗೆ ಹೋಗಿ ಅಲ್ಲಿನ ಪೂಜಾಸ್ಥಳಗಳ ಯಾಜಕರನ್ನು ಅವರ ಬಲಿಪೀಠದ ಮೇಲೇ ಕೊಂದ. ಯೆಹೂದದೊಳಗಿನ ಯಾಜಕರಾದರೆ ಬದುಕಿಕೊಂಡರು. ಅವರಿಗೆ ಯೆರೂಸಲೇಮಿನ ಬಲಿಪೀಠ ಹತ್ತುವ ಹಕ್ಕು ಇರಲಿಲ್ಲ, ಆದರೆ ತಮ್ಮವರ ಜೊತೆ ಹುಳಿಯಿಲ್ಲದ ರೊಟ್ಟಿ ತಿನ್ನಲು ಬಿಟ್ಟರು. ಸಮಾರ್ಯದವರಿಗೆ ವಿಚಾರಣೆ ನಡೆಯಿತಾ? ಇಬ್ಬರು ಸಾಕ್ಷಿ ಇದ್ದರಾ? ಕೂಲಿಯವನ ಬಟ್ಟೆಗೆ ನ್ಯಾಯ ಕೇಳಬಹುದಾದ ರಾಜ್ಯದಲ್ಲೇ ಬೇರೆ ರೀತಿ ಪೂಜೆ ಮಾಡಿದವನ ಕುತ್ತಿಗೆಗೆ ನ್ಯಾಯ ಇಲ್ಲ.

ಇದು ಹಳೇ ಕಥೆ ಅಂತ ಬಿಡಲೂ ಆಗುವುದಿಲ್ಲ. ಹದಿನಾರನೇ ಶತಮಾನದ ಯುರೋಪಿನ ಸುಧಾರಕರಿಗೆ ಈ ಅರಸರೇ ಮಾದರಿ. ಇಂಗ್ಲೆಂಡಿನಲ್ಲಿ 1547ರಲ್ಲಿ ಒಂಬತ್ತು ವರ್ಷಕ್ಕೆ ಪಟ್ಟಕ್ಕೆ ಬಂದ ಆರನೇ ಎಡ್ವರ್ಡನನ್ನು ಎಳೆಯ ಯೋಷೀಯ ಅಂತಲೇ ಹೊಗಳುತ್ತಿದ್ದರು. ಜಿನೀವಾದಲ್ಲಿ 1553ರಲ್ಲಿ ಸೆರ್ವೆಟಸ್‌ನನ್ನು ತ್ರಿಯೇಕತ್ವ ಒಪ್ಪದ್ದಕ್ಕೆ ಸುಟ್ಟರು. ಅಲ್ಲಿ ವಿಚಾರಣೆಯೂ ಆಯಿತು, ಕಡತವೂ ಇದೆ. ದೈವಭಕ್ತ ಆಡಳಿತಗಾರನ ಕರ್ತವ್ಯ ಎಂದೇ ಅದನ್ನು ಸಮರ್ಥಿಸಿದರು. ಒಬ್ಬ ಮನುಷ್ಯನನ್ನು ಕೊಲ್ಲುವುದರಿಂದ ಸಿದ್ಧಾಂತದ ರಕ್ಷಣೆ ಆಗುವುದಿಲ್ಲ, ಒಬ್ಬ ಮನುಷ್ಯನ ಕೊಲೆ ಆಗುತ್ತದೆ ಅಷ್ಟೇ ಎಂದು ಅದೇ ಕಾಲದ ವಿದ್ವಾಂಸ ಕಾಸ್ಟೆಲಿಯೊ ಆಗಲೇ ವಾದಿಸಿದ್ದ. ಅವನ ಮಾತು ನಡೆಯಲಿಲ್ಲ.

ತಿರುವಿದ ಪುಟ:
ಸಮಾರ್ಯದ ಯಾಜಕರ ವಿಷಯದಲ್ಲಿ ನಿಮ್ಮ ಜೊತೆ ಜಗಳ ಇಲ್ಲ. ಅದನ್ನು ಸಮರ್ಥಿಸಲು ನಾನು ಹೋಗುವುದಿಲ್ಲ. ನಾನು ಯೋಷೀಯನನ್ನು ಬಿಟ್ಟು ಯೆಹೋಷಾಫಾಟನನ್ನು ಎತ್ತಿಕೊಂಡದ್ದೇ ಅದಕ್ಕೆ. ಅವನ ಸುಧಾರಣೆಯಲ್ಲಿ ಪುಸ್ತಕ ಹಿಡಿದು ಊರೂರು ಸುತ್ತಿದವರು ಕಾಣುತ್ತಾರೆ, ಕಲಿಯದವರನ್ನು ಕೊಂದ ಮಾತು ಕಾಣುವುದಿಲ್ಲ. ಅಪ್ಪನ ಕಾಲದ ಮರಣದಂಡನೆಯ ಪ್ರಮಾಣವನ್ನು ಅವನು ಮತ್ತೆ ಓದಿಸಿದ್ದೂ ಕಾಣುವುದಿಲ್ಲ. ಬಾಯಿ ಬಿಟ್ಟು ರದ್ದು ಮಾಡಿದ ಅಂತಲೂ ಇಲ್ಲ ಅನ್ನಿ.

ಇನ್ನು ವ್ಯವಸ್ಥೆಯೋ ವ್ಯಕ್ತಿಯೋ ಎಂಬ ಪ್ರಶ್ನೆ. ಬಾಬೆಲಿನ ಹಳೆಯ ಅರಸ ಹಮ್ಮುರಾಬಿಯ ಕಲ್ಲು ನೋಡಿ. ಮೇಲೆ ಸೂರ್ಯದೇವ ಶಮಾಷನ ಎದುರು ಅರಸ ನಿಂತಿದ್ದಾನೆ, ಕೆಳಗೆ ಕಟ್ಟಳೆಗಳು. ಅವು ಅರಸನ ಕಟ್ಟಳೆಗಳು. ಇಸ್ರಾಯೇಲಿನಲ್ಲಿ ಯಾವ ಅರಸನ ಹೆಸರಲ್ಲೂ ಒಂದು ಕಾನೂನು ಸಂಹಿತೆ ಇಲ್ಲ. ದಾವೀದ ಕೊಳ್ಳೆ ಹಂಚುವ ಬಗ್ಗೆ ಮಾಡಿದ ಒಂದು ನಿಯಮ ಇದೆ, ಅದೂ ಅವನು ಅರಸನಾಗುವ ಮುಂಚಿನದು. ಧರ್ಮೋಪದೇಶಕಾಂಡದ ಪ್ರಕಾರ ಅರಸ ಸಿಂಹಾಸನ ಏರಿದ ಮೇಲೆ ಆ ಧರ್ಮಶಾಸ್ತ್ರದ ಒಂದು ಪ್ರತಿ ಬರೆಸಿಕೊಂಡು ಬದುಕಿರುವವರೆಗೂ ಓದುತ್ತಿರಬೇಕು. ಕುದುರೆ, ಹೆಂಡಿರು, ಬೆಳ್ಳಿ ಬಂಗಾರ, ಯಾವುದೂ ಜಾಸ್ತಿ ಕೂಡಿಹಾಕಬಾರದು. ಅಣ್ಣತಮ್ಮಂದಿರಿಗಿಂತ ತಾನು ಮೇಲು ಅಂದುಕೊಳ್ಳಬಾರದು. ಯೆಹೋರಾಮ ಅದನ್ನು ಹೇಗೆ ಪಾಲಿಸಿದ ಅಂತ ನೀವೇ ಹೇಳಿದಿರಿ. ಆದರೆ ಅವನು ಮಾಡಿದ್ದು ತಪ್ಪು ಅಂತ ಅಳೆಯುವ ಕೋಲು ಅರಮನೆಯ ಹೊರಗೆ ಇತ್ತು. ಅದು ಸಣ್ಣದೇನಲ್ಲ.

ಸುಮ್ನೆ ಓದುಗ:
ಕೋಲು ಇದ್ದರೂ ಎತ್ತುವವರು ಬೇಕಲ್ಲ ಸರ್. ಕೊನೆಯ ಅರಸ ಚಿದ್ಕೀಯ ಮಾಡಿದ್ದು ನನಗೆ ಈಗಲೂ ಸಿಟ್ಟು ತರಿಸುತ್ತದೆ. ಬಾಬೆಲಿನವರು ಮುತ್ತಿಗೆ ಹಾಕಿದಾಗ ಹೀಬ್ರೂ ಗುಲಾಮರನ್ನೆಲ್ಲ ಬಿಡುಗಡೆ ಮಾಡಿಸಿದ. ದೇವಾಲಯದಲ್ಲೇ ಒಡಂಬಡಿಕೆ, ಕರುವನ್ನು ಸೀಳಿ ನಡುವೆ ಹಾದುಹೋಗಿ ಪ್ರಮಾಣ, ಎಲ್ಲ ಆಯಿತು. ಈಜಿಪ್ಟಿನ ಸೈನ್ಯ ಬರುತ್ತದೆ ಅಂತ ಬಾಬೆಲಿನವರು ಸ್ವಲ್ಪ ಹಿಂದೆ ಸರಿದರು ನೋಡಿ, ಬಿಟ್ಟ ಗುಲಾಮರನ್ನು ಯಜಮಾನರು ಮತ್ತೆ ಹಿಡಿದುಕೊಂಡರು! ಕಾನೂನು ಪುಸ್ತಕದಲ್ಲಿ ಮೊದಲಿಂದಲೂ ಇತ್ತು, ಆರು ವರ್ಷ ದುಡಿದವನನ್ನು ಏಳನೆಯದರಲ್ಲಿ ಬಿಡಬೇಕು ಅಂತ. ಯೆರೆಮೀಯ ಒಬ್ಬನೇ ಕೂಗಿಕೊಂಡ.

ಕರಿಕೋಟು:
ಎತ್ತುವವರ ಮಾತು ಬಂದದ್ದಕ್ಕೆ ಇನ್ನೊಂದು ಎಳೆ ಹಿಡಿಯುತ್ತೇನೆ. ತಿರುವಿದ ಪುಟದವರು ಹನಾನಿ, ಯೇಹು ಅಂತ ಶುರು ಮಾಡಿದರಲ್ಲ, ಅದು ಮುಂದಕ್ಕೂ ಹೋಗುತ್ತದೆ.

ಯೆಹೋಷಾಫಾಟನ ಮರಿಮಗ ಯೋವಾಷ. ಏಳು ವರ್ಷಕ್ಕೆ ಅರಸ, ಯಾಜಕ ಯೆಹೋಯಾದನ ಕೈಯಲ್ಲಿ ಬೆಳೆದವನು. ದೇವಾಲಯ ದುರಸ್ತಿ ಮಾಡಿಸಿದ, ಒಳ್ಳೆಯ ಸುಧಾರಕ ಅನ್ನಿಸಿಕೊಂಡ. ಯೆಹೋಯಾದ ಸತ್ತ ಮೇಲೆ ದಾರಿ ತಪ್ಪಿದ. ಯೆಹೋಯಾದನ ಮಗ ಜೆಕರ್ಯ ಎದ್ದು ನಿಂತು ಬೈದ. ಅರಸನ ಅಪ್ಪಣೆಯಂತೆ ಅವನನ್ನು ದೇವಾಲಯದ ಅಂಗಳದಲ್ಲೇ ಕಲ್ಲೆಸೆದು ಕೊಂದರು. ಆಸ ಜೈಲಿಗೆ ಹಾಕಿದ, ಯೆಹೋಷಾಫಾಟ ಕೇಳಿಸಿಕೊಂಡ, ಯೋವಾಷ ಕೊಂದ. ನೀಲಿಶಾಯಿಯವರ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಆದರೆ ಮುಂದೆ ಕೇಳಿ. ಯೋವಾಷನನ್ನು ಅವನ ಸೇವಕರೇ ಕೊಂದರು. ಮಗ ಅಮಚ್ಯ ಪಟ್ಟಕ್ಕೆ ಬಂದ, ಸುಮಾರು ಕ್ರಿ.ಪೂ. 796. ಅಪ್ಪನನ್ನು ಕೊಂದವರನ್ನು ಕೊಲ್ಲಿಸಿದ. ಅವರ ಮಕ್ಕಳನ್ನು ಮಾತ್ರ ಮುಟ್ಟಲಿಲ್ಲ. ತಂದೆಯ ತಪ್ಪಿಗೆ ಮಕ್ಕಳನ್ನು ಕೊಲ್ಲಬಾರದು ಎಂದು ಮೋಶೆಯ ಧರ್ಮಶಾಸ್ತ್ರದಲ್ಲಿ ಬರೆದಿದ್ದರಿಂದ ಎಂದು ಕಾರಣವನ್ನೂ ಕೊಟ್ಟಿದ್ದಾರೆ. ಸೇಡು ತೀರಿಸಿಕೊಳ್ಳುವ ಅರಸರು ಆ ಕಾಲದಲ್ಲಿ ಬೇರು ಸಮೇತ ಕಿತ್ತುಹಾಕುತ್ತಿದ್ದರು. ನಾಬೋತನ ಜೊತೆ ಅವನ ಗಂಡುಮಕ್ಕಳನ್ನೂ ಕೊಂದಿದ್ದರು ಅಂತ ಅರಸುಗಳು ಗ್ರಂಥದಲ್ಲೇ ಇದೆ. ಇಲ್ಲಿ ಸ್ವಂತ ಅಪ್ಪನ ಕೊಲೆ, ಎದುರಿಗೆ ತಡೆಯುವವರಿಲ್ಲ, ಆದರೂ ಒಂದು ಬರಹ ಅರಸನ ಕೈ ಹಿಡಿಯಿತು.

ಬೆಟ್ಟದಹಾದಿ:
ಕರಿಕೋಟು ಸರ್, ಇದನ್ನು ನಾನು ಎಷ್ಟೋ ಸಲ ಓದಿದ್ದೇನೆ, ಹೀಗೆ ಜೋಡಿಸಿ ನೋಡಿರಲಿಲ್ಲ. ಇದು ಅರಸುಗಳು ಗ್ರಂಥದಲ್ಲೂ ಇದೆ ಅಲ್ವಾ? ಪೂರ್ವಕಾಲವೃತ್ತಾಂತದಲ್ಲಿ ಮಾತ್ರ ಇರುವುದು ಎಂಬ ತಕರಾರು ಇದಕ್ಕೆ ತಟ್ಟುವುದಿಲ್ಲ.

ನೀಲಿಶಾಯಿ:
ತಟ್ಟುವುದಿಲ್ಲ, ಒಪ್ಪಿದೆ. ಕಾರಣ ಕೊಟ್ಟವನು ಗ್ರಂಥ ಬರೆದವನು, ಅಮಚ್ಯ ಅಲ್ಲ ಎಂದು ಹೇಳಬಹುದು. ಆದರೆ ಮಕ್ಕಳು ಬದುಕಿದ್ದು ಬದುಕಿದ್ದೇ.

ಒಂದೇ ಒಂದು ಸೇರಿಸುತ್ತೇನೆ. ಇದೇ ಅಮಚ್ಯ ಎದೋಮ್ಯರನ್ನು ಗೆದ್ದು ಬಂದು ಅವರ ದೇವರುಗಳನ್ನೇ ತಂದು ಪೂಜೆ ಮಾಡಿದ. ಪ್ರಶ್ನಿಸಲು ಬಂದ ಪ್ರವಾದಿಗೆ, ನಿನ್ನನ್ನು ಯಾರು ನನ್ನ ಮಂತ್ರಿ ಮಾಡಿದರು, ಬಾಯಿ ಮುಚ್ಚು, ಇಲ್ಲವಾದರೆ ಹೊಡೆತ ತಿನ್ನುತ್ತೀಯ ಅಂದ. ನಿಮ್ಮ ಲೆಕ್ಕದ ದೈವಭಕ್ತ ಅರಸನ ಪರೀಕ್ಷೆಯಲ್ಲಿ ಅವನು ಫೇಲ್. ಆದರೂ ಕಾನೂನು ಅವನ ಕೈ ಹಿಡಿಯಿತು. ಹಾಗಾದರೆ ತಿರುವಿದ ಪುಟದವರೇ, ಅರಸನ ಭಕ್ತಿಗೂ ನ್ಯಾಯಕ್ಕೂ ನೀವು ಕಟ್ಟಿದ ಗಂಟು ಸಡಿಲ ಆಯಿತಲ್ಲ?

ತಿರುವಿದ ಪುಟ:
ಸಡಿಲ ಆದರೆ ಒಳ್ಳೆಯದೇ ಆಯಿತು! ಯೆಹೋಷಾಫಾಟ ಸತ್ತು ಐವತ್ತು ವರ್ಷವಾದ ಮೇಲೆ, ಪ್ರವಾದಿಯ ಬಾಯಿ ಮುಚ್ಚಿಸುವಂಥ ಅರಸನೂ ಆ ಒಂದು ವಾಕ್ಯ ದಾಟಲಿಲ್ಲ. ಅದನ್ನು ಅವನಿಗೆ ಯಾರು ಓದಿ ಹೇಳಿದ್ದರು ಅನ್ನುವುದೇ ನನಗಿರುವ ಕುತೂಹಲ. ಪುಸ್ತಕ ಹಿಡಿದು ಊರೂರು ಸುತ್ತಿದ ಆ ಹದಿನಾರು ಜನರ ಶಿಷ್ಯರ ಶ್ರಮ ಅದರಲ್ಲಿ ಎಲ್ಲೋ ಇರಬಹುದು ಎಂಬುದು ನನ್ನ ಊಹೆ. ಗ್ರಂಥದಲ್ಲಿ ಹಾಗೆ ಬರೆದಿಲ್ಲ, ಮೇಡಂ ಹಿಡಿದು ಕೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ.

ಸುಮ್ನೆ ಓದುಗ:
ಇಷ್ಟನ್ನೂ ಕ್ರಮವಾಗಿ ಓದಬೇಕೆಂದರೆ ಎಲ್ಲಿಂದ ಶುರು ಮಾಡಲಿ?

ಕರಿಕೋಟು:
ಎರಡನೇ ಪೂರ್ವಕಾಲವೃತ್ತಾಂತ 14ರಿಂದ 25. ಮಧ್ಯದಲ್ಲಿ 18ಕ್ಕೆ ಮುಂಚೆ ಒಂದನೇ ಅರಸುಗಳು 21 ಓದಿಕೊಳ್ಳಿ, ನಾಬೋತ ಸಿಗುತ್ತಾನೆ. ಹೆಸರುಗಳು ಗೊಂದಲ ಮಾಡುತ್ತವೆ. ಯೆಹೋರಾಮ ಅಂತ ಇಬ್ಬರು ಅರಸರು, ಅಹಜ್ಯ ಅಂತ ಇಬ್ಬರು. ಒಂದು ಹಾಳೆಯಲ್ಲಿ ಎರಡು ಸಾಲು ಎಳೆದುಕೊಳ್ಳಿ, ಒಂದು ಯೆಹೂದಕ್ಕೆ, ಒಂದು ಇಸ್ರಾಯೇಲಿಗೆ. ನಾನು ಈಗಲೂ ಹಾಗೇ ಓದುವುದು.